ಬ್ಯಾಟರಿ ಕವಚಗಳ ಯಾಂತ್ರಿಕ ದೃಶ್ಯ ತಪಾಸಣೆ: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಸರಕನ್ನು ಕಣ್ಣಿನಿಂದಲೇ ಅಳೆದು ಬೆಲೆ ಕಟ್ಟುವ ವಿದ್ಯೆ ನಮ್ಮ ಜಿಲ್ಲೆಯ ವರ್ತಕರಿಗೆ ಹೊಸದಲ್ಲ. ಹೊಳಲ್ಕೆರೆ, ಭೀಮಸಮುದ್ರಗಳ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ವಿಂಗಡಣೆ ನಿಂತಿರುವುದೇ ನುರಿತ ಕಣ್ಣಿನ ಮೇಲೆ. ಅಕ್ಕಿ ಗಿರಣಿ ಮತ್ತು ಕಾಫಿ ಸಂಸ್ಕರಣಾ ಘಟಕಗಳಲ್ಲಿ ಈ ಕಣ್ಣಿನ ಕೆಲಸವನ್ನು ಕಲರ್ ಸಾರ್ಟರ್ ಯಂತ್ರಗಳು ಬಹುಕಾಲದಿಂದ ನಿರ್ವಹಿಸುತ್ತಿವೆ. ಅದೇ ತತ್ತ್ವದ ಕ್ಯಾಮೆರಾ ತಪಾಸಣೆ ಈಗ ಬ್ಯಾಟರಿಯ ಹೊರಕವಚಗಳ ತಯಾರಿಕೆಯಲ್ಲಿಯೂ ಬಳಕೆಯಲ್ಲಿದೆ.

ಈ ವಿಷಯ ನಮಗೇಕೆ ಎಂಬ ಪ್ರಶ್ನೆ ಸಹಜ. ಹೊಸೂರಿನಲ್ಲಿ ಎಕ್ಸೈಡ್ ಸಂಸ್ಥೆಯ ಬ್ಯಾಟರಿ ಕಾರ್ಖಾನೆಯಿದೆ. ಲಿಥಿಯಂ ಕೋಶಗಳಿಗಾಗಿ ಅದೇ ಸಂಸ್ಥೆಯು 2022ರಲ್ಲಿ ಸ್ಥಾಪಿಸಿದ ಅಂಗಸಂಸ್ಥೆ ದೇವನಹಳ್ಳಿಯ ಬಳಿ ಘಟಕವನ್ನು ಕೈಗೆತ್ತಿಕೊಂಡಿತು. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗವೂ ಹಿರಿಯೂರೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಇವೆ. ಪ್ಲಾಸ್ಟಿಕ್ ಅಚ್ಚು ಅಥವಾ ಲೋಹದ ಪ್ರೆಸ್ ಕೆಲಸದಲ್ಲಿ ತೊಡಗಿರುವ, ತೊಡಗಬಯಸುವ ನಮ್ಮ ಸಣ್ಣ ತಯಾರಕರು ಇಂತಹ ಗ್ರಾಹಕರ ಬಾಗಿಲು ತಟ್ಟಿದಾಗ ಎದುರಾಗುವ ಮೊದಲ ಪ್ರಶ್ನೆ ಗುಣಮಟ್ಟದ್ದು. ಆಗ ಸಾಲ ಮಾಡಿ ತಪಾಸಣಾ ಯಂತ್ರ ಕೊಳ್ಳಬೇಕೇ, ಬೇಡವೇ ಎಂಬುದನ್ನು ಲೆಕ್ಕದಿಂದ ತೀರ್ಮಾನಿಸಬೇಕಾಗುತ್ತದೆ.

ಯಂತ್ರ ಮಾಡುವ ಕೆಲಸ

ಸೀಸ-ಆಮ್ಲ ಬ್ಯಾಟರಿಯ ಕವಚವನ್ನು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನಿಂದ ಅಚ್ಚು ಹಾಕುತ್ತಾರೆ. ಅಚ್ಚು ಪೂರ್ತಿ ತುಂಬದಿರುವುದು, ಅಂಚಿನಲ್ಲಿ ಪ್ಲಾಸ್ಟಿಕ್ ಉಕ್ಕಿರುವುದು, ಮೇಲ್ಮೈಯಲ್ಲಿ ತಗ್ಗು ಬೀಳುವುದು, ಸುಟ್ಟ ಗುರುತು, ಬಿರುಕು ಇವು ಇಲ್ಲಿಯ ಪ್ರಮುಖ ದೋಷಗಳು. ಲಿಥಿಯಂ ಕೋಶದ ಅಲ್ಯೂಮಿನಿಯಂ ಅಥವಾ ಉಕ್ಕಿನ ಡಬ್ಬಿಯಲ್ಲಿ ಗೀರು, ನೆಗ್ಗು, ಅಂಚಿನ ಲೋಹದ ಸಿಬಿರು, ಲೇಸರ್ ಬೆಸುಗೆಯ ರಂಧ್ರಗಳು ಕಾಣಿಸಿಕೊಳ್ಳುತ್ತವೆ.

ಕವಚವು ಪಟ್ಟಿಯ ಮೇಲೆ ಸಾಗುವಾಗ ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ; ತಂತ್ರಾಂಶವು ಚಿತ್ರವನ್ನು ಪರಿಶೀಲಿಸಿ ಸ್ವೀಕಾರ ಅಥವಾ ತಿರಸ್ಕಾರವನ್ನು ನಿರ್ಧರಿಸುತ್ತದೆ. ತಂತ್ರಾಂಶದಲ್ಲಿ ಎರಡು ಬಗೆ. ಒಂದು, ನಿಗದಿಪಡಿಸಿದ ಅಳತೆಗಳಿಗೆ ಹೋಲಿಸಿ ನೋಡುವಂಥದ್ದು. ಇನ್ನೊಂದು, ಒಳ್ಳೆಯ ಹಾಗೂ ಕೆಟ್ಟ ಮಾದರಿಗಳ ನೂರಾರು ಚಿತ್ರಗಳಿಂದ ಕಲಿಯುವಂಥದ್ದು. ಎರಡಕ್ಕೂ ಬೆಳಕಿನ ವ್ಯವಸ್ಥೆಯೇ ಜೀವಾಳ. ಕಪ್ಪು ಕವಚದ ಮೇಲಿನ ಸಣ್ಣ ಗೀರು ನೇರ ಬೆಳಕಿನಲ್ಲಿ ಮರೆಯಾಗಿ, ಓರೆಯಾಗಿ ಬಿದ್ದ ಬೆಳಕಿನಲ್ಲಿ ಎದ್ದು ಕಾಣಬಹುದು.

ಆದರೆ ಕ್ಯಾಮೆರಾ ನೋಡುವುದು ಮೇಲ್ಮೈಯನ್ನು ಮಾತ್ರ. ಒಳಗೋಡೆಯ ಸೂಜಿರಂಧ್ರ ಪತ್ತೆಯಾಗುವುದು ಗಾಳಿ ಒತ್ತಡದ ಸೋರಿಕೆ ಪರೀಕ್ಷೆಯಿಂದ ಅಥವಾ ಅಧಿಕ ವೋಲ್ಟೇಜಿನ ಕಿಡಿ ಪರೀಕ್ಷೆಯಿಂದ. ದೃಶ್ಯ ತಪಾಸಣೆ ಇವುಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ತಪ್ಪಿನ ಹೊಣೆ ಯಾರದು?

ಬ್ಯಾಟರಿಯಲ್ಲಿ ಸಣ್ಣ ಲೋಪದ ಬೆಲೆ ದೊಡ್ಡದು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ನೋಟ್ 7 ಫೋನುಗಳನ್ನು ಹಿಂಪಡೆಯಬೇಕಾಯಿತು. ಒಬ್ಬ ಪೂರೈಕೆದಾರನ ಬ್ಯಾಟರಿಗಳಲ್ಲಿ ಹೊರಕವಚದ ಮೂಲೆಯಲ್ಲಿ ಸಾಕಷ್ಟು ಜಾಗವಿಲ್ಲದೆ ಒಳಗಿನ ವಿದ್ಯುದ್ವಾರ ಬಾಗಿದ್ದುದು ಕಾರಣಗಳಲ್ಲೊಂದೆಂದು 2017ರ ಜನವರಿಯಲ್ಲಿ ಪ್ರಕಟವಾಯಿತು. ಷೆವರ್ಲೆ ಬೋಲ್ಟ್ ಕಾರುಗಳ ಬ್ಯಾಟರಿ ವಾಪಸಾತಿಯ ಅಂದಾಜು ವೆಚ್ಚ 200 ಕೋಟಿ ಡಾಲರ್. ಅದರಲ್ಲಿ 190 ಕೋಟಿ ಡಾಲರ್‌ವರೆಗೆ ಕೋಶ ಪೂರೈಸಿದ ಎಲ್‌ಜಿ ಭರಿಸಲು ಒಪ್ಪಿದೆಯೆಂದು ಜನರಲ್ ಮೋಟರ್ಸ್ 2021ರಲ್ಲಿ ತಿಳಿಸಿತು. ಆ ದೋಷ ಕೋಶದ ಒಳಗಿನದಾದರೂ ಪಾಠ ನಮಗೂ ಅನ್ವಯಿಸುತ್ತದೆ: ದೋಷದ ವೆಚ್ಚ ಕೊನೆಗೆ ಪೂರೈಕೆದಾರನ ಖಾತೆಗೇ ಬಂದು ಬೀಳುತ್ತದೆ.

ಎರಡು ಬಗೆಯ ತಪ್ಪು: ಒಂದು ಉದಾಹರಣೆ

ಯಂತ್ರ ಮಾರುವವರು ಒತ್ತಿ ಹೇಳುವುದು ದೋಷ ಪತ್ತೆಯ ಪ್ರಮಾಣವನ್ನು. ಖರೀದಿದಾರರು ಅಷ್ಟೇ ಒತ್ತಿ ಕೇಳಬೇಕಾದುದು ತಪ್ಪು ತಿರಸ್ಕಾರದ ಪ್ರಮಾಣವನ್ನು. ಅಂದರೆ ಒಳ್ಳೆಯ ಕವಚವನ್ನೇ ಕೆಟ್ಟದ್ದೆಂದು ಯಂತ್ರ ಎಷ್ಟು ಬಾರಿ ತಳ್ಳಿಹಾಕುತ್ತದೆ ಎಂಬುದನ್ನು.

ಒಂದು ಘಟಕ ತಿಂಗಳಿಗೆ 50,000 ಕವಚ ತಯಾರಿಸುತ್ತದೆ, ಅದರಲ್ಲಿ ಶೇ. 2, ಎಂದರೆ 1,000 ದೋಷಪೂರಿತ ಎಂದಿಟ್ಟುಕೊಳ್ಳೋಣ. ಕಣ್ಣಿನ ತಪಾಸಣೆಯಲ್ಲಿ ಶೇ. 80 ಪತ್ತೆಯಾದರೆ 200 ಕವಚ ಗ್ರಾಹಕರನ್ನು ತಲುಪುತ್ತವೆ. ಯಂತ್ರ ಶೇ. 98 ಪತ್ತೆ ಮಾಡಿದರೆ 20 ಮಾತ್ರ. ಹೀಗೆ ತಪ್ಪಿಹೋಗುವ ಪ್ರತಿ ಕವಚಕ್ಕೆ ವಾಪಸು ಸಾಗಣೆ, ಮರುವಿಂಗಡಣೆ, ಡೆಬಿಟ್ ನೋಟು ಸೇರಿ ರೂ. 400 ನಷ್ಟವೆಂದರೆ, 180 ಕವಚಗಳಿಂದ ತಿಂಗಳಿಗೆ ರೂ. 72,000 ಉಳಿತಾಯ.

ಈಗ ಇನ್ನೊಂದು ಬದಿ. 49,000 ಒಳ್ಳೆಯ ಕವಚಗಳಲ್ಲಿ ಯಂತ್ರ ಶೇ. 3ನ್ನು ತಪ್ಪಾಗಿ ತಿರಸ್ಕರಿಸಿದರೆ ಅವು 1,470. ಪ್ಲಾಸ್ಟಿಕ್ಕನ್ನು ಪುಡಿಮಾಡಿ ಮರುಬಳಸಿದರೂ ವಿದ್ಯುತ್, ಕೂಲಿ, ಯಂತ್ರಕಾಲ ಸೇರಿ ಪ್ರತಿಯೊಂದಕ್ಕೆ ರೂ. 20 ಹೋದರೆ ನಷ್ಟ ರೂ. 29,400. ನಿರ್ವಹಣೆ ರೂ. 8,000 ಕಳೆದರೆ ನಿವ್ವಳ ಉಳಿತಾಯ ರೂ. 34,600. ರೂ. 12 ಲಕ್ಷದ ಯಂತ್ರದ ಹಣ, ಬಡ್ಡಿ ಬಿಟ್ಟು, ಸುಮಾರು 35 ತಿಂಗಳಲ್ಲಿ ಹಿಂದಿರುಗುತ್ತದೆ.

ತಪ್ಪು ತಿರಸ್ಕಾರ ಶೇ. 1ಕ್ಕೆ ಇಳಿದರೆ ಈ ಅವಧಿ ಸುಮಾರು 22 ತಿಂಗಳು. ಅದೇ ಶೇ. 7ಕ್ಕೆ ಏರಿದರೆ ತಿಂಗಳಿಗೆ ರೂ. 4,600 ನಷ್ಟ! ಯಂತ್ರ ಅದೇ, ಪತ್ತೆಯ ಪ್ರಮಾಣವೂ ಅದೇ. ಇನ್ನು ಗ್ರಾಹಕರು ದಂಡ ವಿಧಿಸದ ಬಿಡಿ ಮಾರುಕಟ್ಟೆಯವರಾಗಿ, ತಪ್ಪಿಹೋದ ಕವಚದ ವೆಚ್ಚ ರೂ. 100 ಮಾತ್ರವಾಗಿದ್ದರೆ ಉಳಿತಾಯ ಕೇವಲ ರೂ. 18,000, ಶೇ. 3ರ ತಪ್ಪು ತಿರಸ್ಕಾರದ ನಷ್ಟವನ್ನೂ ಅದು ತುಂಬಿಕೊಡದು. ಆದ್ದರಿಂದ ಯಂತ್ರದ ಕೈಪಿಡಿಗಿಂತ ಮೊದಲು ಓದಬೇಕಾದುದು ಗ್ರಾಹಕರ ಖರೀದಿ ಆದೇಶದ ಷರತ್ತುಗಳನ್ನು.

ಯಂತ್ರ ತಿರಸ್ಕರಿಸಿದವನ್ನು ಅನುಭವಿ ಕಾರ್ಮಿಕರಿಂದ ಮತ್ತೊಮ್ಮೆ ಪರೀಕ್ಷಿಸುವುದು ಈ ನಷ್ಟ ತಗ್ಗಿಸುವ ಸುಲಭ ಮಾರ್ಗ. ದಿನಕ್ಕೆ 2,000 ಕವಚ ನೋಡಿ ದಣಿಯುವ ಕಣ್ಣು ಆಗ 100ರ ಆಸುಪಾಸಿನಷ್ಟನ್ನು ಮಾತ್ರ ನೋಡಿದರೆ ಸಾಕು. ನುರಿತವರನ್ನು ಕೆಲಸದಿಂದ ಬಿಡಿಸುವುದು ಉಳಿತಾಯವಲ್ಲ.

ತೆರಿಗೆಯ ಅಂಶಗಳು

ಯಂತ್ರದ ಮೇಲೆ ಪಾವತಿಸಿದ ಜಿ.ಎಸ್‌.ಟಿ.ಯನ್ನು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳ ಸಾಮಾನ್ಯ ಸವಕಳಿ ದರ ಶೇ. 15, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರರ್ಧ. ಗಣಕಯಂತ್ರ ಮತ್ತು ತಂತ್ರಾಂಶಕ್ಕೆ ಶೇ. 40 ಇದೆಯಾದರೂ, ಅವು ಯಂತ್ರದ ಅವಿಭಾಜ್ಯ ಅಂಗವಾಗಿದ್ದರೆ ವಿವಾದಕ್ಕೆ ಎಡೆಯಾಗುತ್ತದೆ. ಬಿಲ್ಲಿನಲ್ಲಿಯೇ ಬೇರೆಬೇರೆಯಾಗಿ ನಮೂದಿಸಿಕೊಳ್ಳುವುದು ಲೇಸು.

ಆದೇಶ ನೀಡುವ ಮುನ್ನ

1. ನಿಮ್ಮದೇ ಕಾರ್ಖಾನೆಯ ಒಳ್ಳೆಯ ಹಾಗೂ ದೋಷಪೂರಿತ ಕವಚಗಳನ್ನು ಒಯ್ದು ಯಂತ್ರವನ್ನು ಪರೀಕ್ಷಿಸಿರಿ. ಮಾರಾಟಗಾರರ ಮಾದರಿಗಳು ಸಾಲವು.

2. ದೋಷ ಪತ್ತೆ, ತಪ್ಪು ತಿರಸ್ಕಾರ ಎರಡರ ಪ್ರಮಾಣವನ್ನೂ ಕರಾರಿನಲ್ಲಿ ಬರೆಸಿಕೊಂಡು, ಕೊನೆಯ ಕಂತನ್ನು ನಿಮ್ಮ ಸ್ಥಳದಲ್ಲಿ ಅವು ಸಿದ್ಧವಾದ ನಂತರವೇ ಪಾವತಿಸಿರಿ.

3. ಧೂಳು ಹಾಗೂ ವೋಲ್ಟೇಜ್ ಏರಿಳಿತದಿಂದ ರಕ್ಷಣೆಯ ವೆಚ್ಚವನ್ನು ಮೊದಲೇ ಸೇರಿಸಿರಿ.

4. ಹೊಸ ವಿನ್ಯಾಸದ ಕವಚಕ್ಕೆ ಯಂತ್ರವನ್ನು ಹೊಂದಿಸುವವರು ಯಾರು, ಶುಲ್ಕವೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಿರಿ.

5. ಪ್ರತಿ ಲಾಟಿನ ಚಿತ್ರಗಳನ್ನು ಲಾಟ್ ಸಂಖ್ಯೆಯೊಡನೆ ಕಾಪಾಡಿರಿ. ದೋಷ ಸಾಗಣೆಯಲ್ಲಿ ಉಂಟಾಯಿತೇ, ಕಾರ್ಖಾನೆಯಲ್ಲಿಯೇ ಇತ್ತೇ ಎಂಬ ವಾದ ಬಂದಾಗ ಡೆಬಿಟ್ ನೋಟಿಗೆ ಉತ್ತರ ಕೊಡಲು ಇದಕ್ಕಿಂತ ಗಟ್ಟಿಯಾದ ದಾಖಲೆ ಸಿಗದು.

ಇಷ್ಟಕ್ಕೂ ಮೊದಲು, ಕಳೆದ ಹನ್ನೆರಡು ತಿಂಗಳ ತಿರಸ್ಕಾರ ಹಾಗೂ ವಾಪಸಾತಿಯ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವಿಲ್ಲದ ಘಟಕಕ್ಕೆ ಯಂತ್ರ ಬೇಕೋ ಬೇಡವೋ ಎಂದು ಯಾವ ಲೆಕ್ಕಪರಿಶೋಧಕನೂ ಹೇಳಲಾರ. ಪುಸ್ತಕವಿದ್ದರೆ ಮೇಲಿನ ಲೆಕ್ಕವನ್ನು ಮಾಲೀಕರೇ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದು.