ಆಸ್ಪತ್ರೆ ರೇಡಿಯೊ: ಮೈಕ್ ಹಿಡಿಯುವ ಮೊದಲು ಮಾಡಬೇಕಾದ್ದು, ಮಾಡಬಾರದ್ದು

ಸಿದ್ದಾಪುರ, ಕಾರಟಗಿ, ಗಂಗಾವತಿ ಕಡೆಯ ಹುಡುಗ ಹುಡುಗಿಯರಲ್ಲಿ ರೋಗಿಗಳಿಗಾಗಿ ರೇಡಿಯೊ ಕಾರ್ಯಕ್ರಮ ಮಾಡಬೇಕು, ಮುಂದೆ ಪ್ರಸಾರವನ್ನೇ ಉದ್ಯೋಗ ಮಾಡಿಕೊಳ್ಳಬೇಕು ಎನ್ನುವವರು ಇದನ್ನು ಪೂರ್ತಿ ಓದಬೇಕು. ಇಲ್ಲಿನ ಎಲ್ಲ ನಿಯಮಗಳ ಬೇರು ಒಂದೇ. ಮನೆಯಲ್ಲಿ ಕೇಳುವವರು ಬೇಡವಾದರೆ ರೇಡಿಯೊ ಬಂದ್ ಮಾಡುತ್ತಾರೆ. ಸಲಾಯಿನ್ ಹಚ್ಚಿಕೊಂಡು ಮಲಗಿದವರು ಎದ್ದು ಹೋಗಲಾರರು. ಆ ಕೇಳುಗರ ಮೇಲೆ ನಿಮ್ಮ ಹವ್ಯಾಸ ಹೇರಬೇಡಿ.

ಮೊದಲು ತಿಳಿದಿರಬೇಕಾದ್ದು

ಆಸ್ಪತ್ರೆ ರೇಡಿಯೊಗೆ ಗೋಪುರ ಬೇಕಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಆಸ್ಪತ್ರೆಯಲ್ಲಿ 1925ರಲ್ಲೇ ಹಾಸಿಗೆಗಳ ಬಳಿಗೆ ತಂತಿ ಎಳೆದು ಹೆಡ್‌ಫೋನ್ ಕೊಟ್ಟಿದ್ದರು. ನಮ್ಮಲ್ಲೂ ತಂತಿಯ ದಾರಿ ಹಿಡಿದವರಿದ್ದಾರೆ. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಸಿಗದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಊರಿನ ಕೇಬಲ್ ಮೂಲಕವೇ ಕಾರ್ಯಕ್ರಮಗಳನ್ನು ಮನೆ ಮುಟ್ಟಿಸಿತು. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯೇ ‘ಜನಧ್ವನಿ’ ಸಮುದಾಯ ಬಾನುಲಿಯನ್ನೂ ನಡೆಸುತ್ತದೆ. ಇನ್ನೂ ಹಿಂದೆ ಹೋದರೆ, 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡ ರೇಡಿಯೊ ಹುಟ್ಟಿದ್ದು ಸಂಬಳಕ್ಕಲ್ಲ, ಸ್ವಂತ ಆಸಕ್ತಿಯಿಂದ ಎಂಬುದು ನೆನಪಿರಲಿ.

ಮಾಡಬೇಕಾದ್ದು

1. ಆಡಳಿತ ವೈದ್ಯಾಧಿಕಾರಿಗಳಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಯಾವ ವಾರ್ಡು, ಯಾವ ಹೊತ್ತು, ಎಷ್ಟು ನಿಮಿಷ, ಜವಾಬ್ದಾರಿ ಯಾರದು ಎಲ್ಲವೂ ಅದರಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ಸಾಲದು.

2. ವಾರ್ಡಿನ ಸಿಸ್ಟರ್ ಹೇಳಿದ್ದೇ ಕೊನೆಯ ಮಾತು. ಡಾಕ್ಟರು ರೌಂಡ್ಸ್‌ಗೆ ಬಂದಾಗ, ಇಂಜೆಕ್ಷನ್ ಕೊಡುವಾಗ, ಮಧ್ಯಾಹ್ನ ರೋಗಿಗಳು ಕಣ್ಣು ಮುಚ್ಚಿದಾಗ ಕಾರ್ಯಕ್ರಮ ನಿಲ್ಲಿಸಿ.

3. ಸಾಧ್ಯವಾದಷ್ಟು ಇಯರ್‌ಫೋನಿನಲ್ಲೇ ಕೇಳಿಸಿ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮೀರುವಂತಿಲ್ಲ. ಒಬ್ಬರ ಕಿವಿಯಿಂದ ತೆಗೆದ ಇಯರ್‌ಫೋನನ್ನು ಸ್ಪಿರಿಟ್ ಹಚ್ಚಿ ಒರೆಸದೆ ಇನ್ನೊಬ್ಬರಿಗೆ ಕೊಡಬೇಡಿ.

4. ವಾರ್ಡಿಗೆ ಹೋಗುವಾಗಲೂ ಬರುವಾಗಲೂ ಸೋಪು ಹಚ್ಚಿ ಕೈ ತೊಳೆಯಿರಿ. ನೆಗಡಿ, ಕೆಮ್ಮು, ಜ್ವರ ಇದ್ದ ದಿನ ಮನೆಯಲ್ಲಿರಿ.

5. ಮೊದಲು ಮಾತಾಡಿಸಿ, ಆಮೇಲೆ ಹಾಡು ಕೇಳಿ. “ಅಜ್ಜಾರ, ಹೆಂಗದೀರಿ? ಊಟ ಆತ್ರೀ? ಯಾವ ಪದ ಹಚ್ಚಲಿ?” ಇಷ್ಟು ಸಾಕು. “ಏನು ರೋಗ?” ಎಂದು ಕೇಳುವ ಹಕ್ಕು ನಿಮಗಿಲ್ಲ.

6. ಎಲ್ಲರ ನುಡಿಗೂ ಜಾಗ ಕೊಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಭತ್ತ ಬೆಳೆಯಲು ಆಂಧ್ರದಿಂದ ಬಂದವರ ಕ್ಯಾಂಪುಗಳು ನಮ್ಮ ಸುತ್ತ ಇವೆ. ತಾಂಡಾಗಳಿವೆ, ಉರ್ದು ಆಡುವ ಮನೆಗಳಿವೆ. ವಾರಕ್ಕೊಂದು ತೆಲುಗು ಹಾಡು, ಒಂದು ಲಂಬಾಣಿ ಪದ ಕೇಳಿಸಿದರೆ ಮಲಗಿದವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

7. ನಮ್ಮ ಭಾಗದ ಸೋಬಾನೆ, ತತ್ವಪದ, ಭಜನೆ, ಮೊಹರಮ್ಮಿನ ರಿವಾಯತ್ ಪದ ಹಾಡುವವರನ್ನು ಹುಡುಕಿ ಧ್ವನಿಮುದ್ರಿಸಿ. ಅವರ ಒಪ್ಪಿಗೆ ಕೇಳಿ, ಹೆಸರನ್ನು ತಪ್ಪದೆ ಹೇಳಿ.

8. ಸಹಾಯವಾಣಿಗಳನ್ನು ದಿನವೂ ನಿಧಾನವಾಗಿ ಎರಡೆರಡು ಸಲ ಹೇಳಿ: ಆಂಬುಲೆನ್ಸಿಗೆ 108, ಆರೋಗ್ಯ ಮಾಹಿತಿಗೆ 104, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಗದ್ದೆಯಲ್ಲಿ ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಬರಬೇಕು ಎಂಬುದನ್ನು ನಾಟಿ, ಕಟಾವಿನ ದಿನಗಳಲ್ಲಿ ಮತ್ತೆ ಮತ್ತೆ ಹೇಳಿ. ರೋಗಿಯ ಜೊತೆ ಬಂದವರ ಕಿವಿಗೂ ಅದು ಬೀಳುತ್ತದೆ.

ಮಾಡಬಾರದ್ದು

1. ರೋಗಿಯ ಹೆಸರು, ಊರು, ಹಾಸಿಗೆ ನಂಬರು, ಕಾಯಿಲೆ ಯಾವುದನ್ನೂ ಹೇಳಬಾರದು. ‘ಕೇಳುಗರೊಬ್ಬರ ಕೋರಿಕೆ’ ಎಂದರೆ ಸಾಕು. ಒಬ್ಬರಿಗೆ ಎಚ್‌ಐವಿ ಇದೆ ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆ ತಡೆಯುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಿಟ್ಟುಕೊಡುವುದು ಪೋಕ್ಸೊ ಕಾಯ್ದೆಯಡಿ ಅಪರಾಧ.

2. ಎಲ್ಲರೂ ಸಂತೋಷದಲ್ಲಿದ್ದಾರೆ ಎಂದು ತಿಳಿಯಬಾರದು. ನಾನು ಹೊಸಬಳಿದ್ದಾಗ ಒಂದು ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ “ತಾಯಂದಿರೆಲ್ಲರಿಗೂ ಶುಭಾಶಯ” ಎಂದು ಜೋಗುಳ ಹಚ್ಚಿದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಹೆಣ್ಣುಮಗಳು ಸೆರಗನ್ನು ಬಾಯಿಗೊತ್ತಿ ಗೋಡೆ ಕಡೆ ತಿರುಗಿದಳು. ಅವಳ ಕೂಸು ಹಿಂದಿನ ರಾತ್ರಿ ತೀರಿಕೊಂಡಿತ್ತು. ಸಿಸ್ಟರ್‌ನ ಒಂದು ಮಾತು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಹಾಗಾಗಿ ಪ್ರತಿದಿನ, ಪ್ರತಿ ವಾರ್ಡಿನಲ್ಲಿ, ಮೊದಲು ಕೇಳಿ.

3. ಔಷಧ, ಪಥ್ಯ, ಮನೆಮದ್ದು ಯಾವುದರ ಸಲಹೆಯನ್ನೂ ನೀವು ಕೊಡಬಾರದು. ಆರೋಗ್ಯದ ಮಾತನ್ನು ವೈದ್ಯರು ಅಥವಾ ಸಿಸ್ಟರ್ ಆಡಲಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆ ಎನ್ನುವ ಜಾಹೀರಾತು 1954ರ ಕಾಯ್ದೆಯ ಪ್ರಕಾರ ನಿಷಿದ್ಧ. ಎಷ್ಟು ದುಡ್ಡು ಕೊಟ್ಟರೂ ಓದಬಾರದು.

4. ಆನ್‌ಲೈನಿನಲ್ಲಿ ಸಿಗುವ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಹಚ್ಚಬಾರದು. ಪರವಾನಗಿಯಿಲ್ಲದ ಪ್ರಸಾರ ಅಪರಾಧ. ಸಮುದಾಯ ಬಾನುಲಿಯ ಪರವಾನಗಿ ಲಾಭಕ್ಕಲ್ಲದೆ ದುಡಿಯುವ ಸಂಸ್ಥೆಗಳಿಗೆ ಸಿಗುತ್ತದೆ, ವ್ಯಕ್ತಿಗಳಿಗಲ್ಲ.

5. ಸಿನಿಮಾ ಹಾಡು ಫೋನಿನಲ್ಲಿದೆ ಎಂದು ಹಚ್ಚಬಾರದು. ಹಕ್ಕುಸ್ವಾಮ್ಯದ ಪರವಾನಗಿ ಇದೆಯೇ ಎಂದು ಆಸ್ಪತ್ರೆಯವರೊಂದಿಗೆ ಖಚಿತ ಮಾಡಿಕೊಳ್ಳಿ.

6. ವಾರ್ಡಿನಲ್ಲಿ ಸೆಲ್ಫಿ, ವಿಡಿಯೊ, ರೀಲ್ಸ್ ಬೇಡವೇ ಬೇಡ. ರೋಗಿಯ ಹಾಸಿಗೆ ಮೇಲೆ ಕೂರಬಾರದು, ತಿನ್ನಲು ಏನನ್ನೂ ಕೊಡಬಾರದು.

7. ರಾಜಕೀಯ, ಜಾತಿ, ಒಂದೇ ಧರ್ಮದ ಪ್ರಚಾರಕ್ಕೆ ಮೈಕ್ ಬಳಸಬಾರದು.

ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ

ಮಾಡಿದ ಪ್ರತಿ ಕಾರ್ಯಕ್ರಮವನ್ನು ವಹಿಯಲ್ಲಿ ಬರೆಯಿರಿ: ತಾರೀಖು, ವಿಷಯ, ಅವಧಿ, ಆದ ತಪ್ಪು. ನಿಮ್ಮ ಧ್ವನಿಯ ಮುದ್ರಿಕೆಯನ್ನು ವಾರಕ್ಕೊಮ್ಮೆ ನೀವೇ ಕೇಳಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸಂಕಲನ ಕಲಿಯಿರಿ. ರೋಗಿಗಳ ದನಿ ಇಲ್ಲದ ಮೂರು ನಿಮಿಷದ ಮಾದರಿಯೊಂದನ್ನು ಸಿದ್ಧವಾಗಿಡಿ.

ಹೊಸಪೇಟೆ, ರಾಯಚೂರು, ಕಲಬುರಗಿ, ಧಾರವಾಡಗಳಲ್ಲಿ ಆಕಾಶವಾಣಿ ಕೇಂದ್ರಗಳಿವೆ. ತಾತ್ಕಾಲಿಕ ಉದ್ಘೋಷಕರಿಗಾಗಿ ಪ್ರಕಟಣೆ ಹೊರಟಾಗ ಲಿಖಿತ ಪರೀಕ್ಷೆಗೂ ಧ್ವನಿ ಪರೀಕ್ಷೆಗೂ ಕೂರಲೇಬೇಕು. ಸ–ಶ–ಷ, ಅಲ್ಪಪ್ರಾಣ–ಮಹಾಪ್ರಾಣ ಸ್ಪಷ್ಟವಾಗಲು ದಿನಾ ಅರ್ಧ ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಹಾಗೆಂದು ನಮ್ಮ ಕಡೆಯ ಮಾತಿಗೆ ನಾಚಬೇಡಿ. ಸುದ್ದಿಗೆ ಶಿಷ್ಟ ಕನ್ನಡ, ಹರಟೆಗೆ ಊರಿನ ಕನ್ನಡ, ಎರಡೂ ಬರಬೇಕು. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಸುದ್ದಿ ಓದುವ ಆಸೆಯಿದ್ದವರು ಆಕಾಶವಾಣಿ ಅಥವಾ ಟಿವಿಯ ಕಡೆ ನೋಡಿ. ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವಾರ್ಡು ಕಲಿಸುವ ವಿದ್ಯೆಯನ್ನು ಬೇರೆ ಸ್ಟುಡಿಯೊ ಕಲಿಸುವುದಿಲ್ಲ. ಸಾವಿರ ಜನರಿಗೆ ಕೂಗಿ ಹೇಳುವುದು ಸುಲಭ. ಒಬ್ಬರ ಕಿವಿಯಲ್ಲಿ ಮೆಲ್ಲಗೆ, ಅವರಿಗೆ ನೋವಾಗದಂತೆ ಮಾತಾಡಲು ಬಂದವರು ಯಾವ ಕೇಂದ್ರದ ಮೈಕ್ ಮುಂದೆಯೂ ಕೂರಬಲ್ಲರು.

ಕೊನೆಯ ನಿಯಮ: ಹೇಳಿದ ದಿನ, ಹೇಳಿದ ಹೊತ್ತಿಗೆ ಬನ್ನಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ, ಬದಲಿಯವರನ್ನು ಕಳಿಸಿ. ಕಾಲು ಮುರಿದು ತಿಂಗಳಿಂದ ಮಲಗಿದ್ದ ಅಜ್ಜ ಒಬ್ಬರು “ನಿನ್ನೆ ಯಾಕ ಬರ್ಲಿಲ್ಲವ್ವಾ? ಸಂಜಿತನಕ ಕಿವ್ಯಾಗ ಹಾಕ್ಕೊಂಡ ಕುಂತಿದ್ದೆ” ಎಂದು ನನ್ನನ್ನು ಕೇಳಿದ್ದರು. ಆ ಮಾತಿಗೆ ಉತ್ತರ ಕೊಡುವ ಸ್ಥಿತಿ ನಿಮಗೆ ಬರಬಾರದು.