ದಾರಿ ಬಲ್ಲವರೊಡನೆ ದೇಶಾಟನ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಗಂಡುಮಕ್ಕಳಿಗೆ ಹೇಳಿದಷ್ಟು ಹೆಣ್ಣುಮಕ್ಕಳಿಗೆ ಹೇಳಲಿಲ್ಲ. ಕೋಶವನ್ನೋದುವ ಭಾಗ್ಯವು ನಮ್ಮ ಪಾಠಶಾಲೆಯಂಥ ವಿದ್ಯಾಲಯಗಳ ಮೂಲಕ ಹೆಣ್ಣುಮಕ್ಕಳಿಗೆ ದೊರೆತು ಬಹುಕಾಲವಾಯಿತು. ದೇಶವನ್ನು ಸುತ್ತುವ ಭಾಗ್ಯವು ಈಚೆಗಷ್ಟೇ ದೊರೆಯುತ್ತಿದೆ. ಹತ್ತು ಹನ್ನೆರಡು ಮಂದಿ ಸೇರಿ, ಮಾರ್ಗದರ್ಶಿಯೊಬ್ಬನೊಡನೆ, ನೇಪಾಳಕ್ಕೋ ಭೂತಾನಕ್ಕೋ ಹಿಮಾಲಯದ ಯಾವುದಾದರೊಂದು ಶಿಖರದ ಬುಡಕ್ಕೋ ಹೋಗಿಬರುತ್ತೇವೆಂದು ಮಗಳು ಅನುಮತಿ ಬೇಡುವುದು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಮನೆಗಳಲ್ಲಿಯೂ ಈಗ ಅಪರೂಪವಲ್ಲ. ಆಗ ತಾಯಿ ಹೆದರುತ್ತಾರೆ. ಹಣ ತೆಗೆದುಕೊಂಡವರು ನೋಡಿಕೊಳ್ಳುತ್ತಾರೆಂದು ತಂದೆ ಸಮಾಧಾನ ಹೇಳುತ್ತಾರೆ. ಆ ಭಯವೂ ಈ ಸಮಾಧಾನವೂ ವಿಷಯವನ್ನು ಅರ್ಧವಷ್ಟೇ ಕಂಡವುಗಳು. ಮಾರ್ಗದರ್ಶಿಯೊಡನೆ ಸಂಘವಾಗಿ ಪರಸ್ಥಳಗಳಿಗೆ ಹೋದವರ ಅನುಭವವು ನಮಗೆ ಕಲಿಸುವುದೇನೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ದಾರಿ ಬಲ್ಲವರನ್ನು ಮುಂದಿಟ್ಟುಕೊಂಡು ನಡೆಯುವುದು ಮಲೆನಾಡಿಗರಿಗೆ ಹೊಸತೇನೂ ಅಲ್ಲ. ಕಿಗ್ಗದಿಂದ ನರಸಿಂಹಪರ್ವತದ ಕಡೆಗೆ ಕಾಡು ಹತ್ತುವವರು ಊರಿನವರೊಬ್ಬರನ್ನು ಜೊತೆಗೆ ಕರೆಯುವುದು ಲೇಸು. ಹಳ್ಳಕ್ಕೆ ಹಾಕಿದ ಸಂಕವು ನಿನ್ನೆ ಗಟ್ಟಿಯಾಗಿದ್ದರೂ ರಾತ್ರಿಯ ಮಳೆಯ ಮೇಲೆ ಇಂದು ಹೇಗಿದೆಯೆಂಬುದನ್ನು ಅಲ್ಲಿಯವರೇ ಹೇಳಬಲ್ಲರು. ಕುದುರೆಮುಖದ ಶಿಖರಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂದಾಗಿ ಪಡೆದು, ಮಾರ್ಗದರ್ಶಿಯೊಡನೆ ಹೋಗಬೇಕೆಂಬ ನಿಯಮವೂ ಇದೇ ವಿವೇಕದ ಫಲ. ಸತ್ಯವೇದದ ಅರಣ್ಯಕಾಂಡವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ಹೋಬಾಬನ ನೆನಪಿರಬಹುದು. ದೇವರ ಮೇಘವೇ ಮುಂದೆ ನಡೆಯುತ್ತಿದ್ದಾಗ್ಯೂ, ಅಡವಿಯಲ್ಲಿ ಎಲ್ಲೆಲ್ಲಿ ಇಳಿದುಕೊಳ್ಳಬಹುದೆಂಬುದನ್ನು ಬಲ್ಲ ಆ ಮಿದ್ಯಾನ್ ದೇಶದವನನ್ನು ತಮ್ಮ ಜೊತೆಯಲ್ಲಿ ಇರೆಂದು ಮೋಶೆಯು ಬೇಡಿಕೊಂಡನು. ದೇವರಲ್ಲಿ ಭರವಸೆಯುಳ್ಳವನು ದಾರಿ ಬಲ್ಲವನನ್ನು ಅಲಕ್ಷ್ಯಮಾಡತಕ್ಕದ್ದಲ್ಲವೆಂಬುದು ಇದರ ತಾತ್ಪರ್ಯ.

ಹೀಗೆ ಅಗತ್ಯಕ್ಕಾಗಿ ಇದ್ದ ವಾಡಿಕೆಯನ್ನು ಸಾಮಾನ್ಯ ಜನರ ವಿನೋದಕ್ಕೂ ಜ್ಞಾನಾರ್ಜನೆಗೂ ಒದಗಿಸಿದ ಕೀರ್ತಿಯು ಬಹುಮಟ್ಟಿಗೆ ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತನಿಗೆ ಸಲ್ಲುತ್ತದೆ. ಈತನು ಬ್ಯಾಪ್ಟಿಸ್ಟ್ ಸಭೆಯ ಬೋಧಕನಾಗಿದ್ದವನು. ೧೮೪೧ನೆಯ ಜುಲೈ ೫ರಂದು ಮದ್ಯಪಾನ ವಿರೋಧದ ಸಭೆಯೊಂದಕ್ಕೆ ಸುಮಾರು ೫೦೦ ಮಂದಿಯನ್ನು ತಲೆಗೊಂದು ಶಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋ ಪಟ್ಟಣಕ್ಕೆ ರೈಲಿನಲ್ಲಿ ಕರೆದೊಯ್ದನು. ಹೆಂಡದಂಗಡಿಯಿಂದ ಜನರನ್ನು ಬಿಡಿಸಬೇಕೆಂಬ ಉದ್ದೇಶದಿಂದ ಹುಟ್ಟಿದ ಆ ಏರ್ಪಾಡು ಕ್ರಮೇಣ ಪರದೇಶಯಾತ್ರೆಗಳಾಗಿ ಬೆಳೆಯಿತು. ಆತನ ಹೆಸರಿನ ಮೂಲಸಂಸ್ಥೆಯು ೨೦೧೯ರಲ್ಲಿ ಮುಚ್ಚಿಹೋಯಿತಾದರೂ ಆ ಪದ್ಧತಿಯು ಲೋಕದಲ್ಲೆಲ್ಲ ನೆಲೆಗೊಂಡಿದೆ.

೧೮೬೩ರಲ್ಲಿ ಕುಕ್ ಸಾಹೇಬನು ಸ್ವಿಟ್ಸರ್ಲೆಂಡಿಗೆ ಏರ್ಪಡಿಸಿದ ಮೊದಲ ಯಾತ್ರೆಯಲ್ಲಿ ಯಾರ್ಕ್‌ಷೈರಿನ ಜೆಮೈಮಾ ಮೊರೆಲ್ ಎಂಬ ಮಹಿಳೆಯಿದ್ದಳು. ಆಕೆಯೂ ಸಂಗಡಿಗರೂ ನಸುಕಿನಲ್ಲೆದ್ದು, ನೆಲಕ್ಕೆ ಮುಟ್ಟುವ ನಿಲುವಂಗಿಯಲ್ಲಿಯೇ ಹಿಮನದಿಯನ್ನು ದಾಟಿದರು. ರಿಗಿ ಪರ್ವತವನ್ನೇರಿ ಸೂರ್ಯೋದಯವನ್ನು ನೋಡಿದರು. ಇದನ್ನೆಲ್ಲ ಆಕೆ ದಿನಚರಿಯಲ್ಲಿ ಬರೆದಿಟ್ಟಳು. ಆ ದಿನಚರಿಯು ಎಷ್ಟೋ ಕಾಲ ಕಾಣೆಯಾಗಿದ್ದು, ನೂರು ವರ್ಷಗಳ ತರುವಾಯ ೧೯೬೩ರಲ್ಲಿ ಅಚ್ಚಾಯಿತು. ಒಂಟಿಯಾಗಿ ಹೊರಡಲು ಸಮಾಜವು ಬಿಡದಿದ್ದ ಕಾಲದಲ್ಲಿ, ಸಂಘವೂ ಮಾರ್ಗದರ್ಶಿಯೂ ಇದ್ದುದರಿಂದಲೇ ಹೆಂಗಸರಿಗೆ ಲೋಕದ ಬಾಗಿಲು ತೆರೆಯಿತೆಂಬುದನ್ನು ನಾವು ಮರೆಯಲಾಗದು.

ಆದರೆ ಅದೇ ಆಲ್ಪ್ಸ್ ಪರ್ವತಗಳಲ್ಲಿ ಅದಕ್ಕೂ ಮುಂಚೆ ಇನ್ನೊಂದು ಪಾಠ ನಡೆದಿತ್ತು. ೧೮೨೦ರ ಆಗಸ್ಟ್ ತಿಂಗಳಲ್ಲಿ ಡಾಕ್ಟರ್ ಹ್ಯಾಮೆಲ್ ಎಂಬಾತನು, ೪,೮೦೦ ಮೀಟರಿಗೂ ಮಿಕ್ಕಿ ಎತ್ತರವುಳ್ಳ ಮೋಂಬ್ಲಾಂ ಶಿಖರವನ್ನೇರಲು ಹೊರಟನು. ಮಾರ್ಗದರ್ಶಿಗಳು ಹಿಂದಿರುಗುವುದೇ ಲೇಸೆಂದರೂ ಯಾತ್ರಿಕರು ಮೇಲೇರಲು ಹಟಹಿಡಿದರೆಂದು ಅಂದಿನ ವೃತ್ತಾಂತಗಳಲ್ಲಿದೆ. ಹೊಸದಾಗಿ ಬಿದ್ದಿದ್ದ ಹಿಮವು ಜಾರಿತು. ಯಾತ್ರಿಕರು ಬದುಕಿದರು, ಮೂವರು ಮಾರ್ಗದರ್ಶಿಗಳು ಹಿಮದ ಬಿರುಕಿನೊಳಗೆ ಹುಗಿದುಹೋದರು. ಅವರ ಅವಶೇಷಗಳನ್ನು ಹಿಮನದಿಯು ಕೆಳಗೆ ತಂದು ಹೊರಚೆಲ್ಲಿದ್ದು ೧೮೬೧ರಲ್ಲಿ. ದುರ್ಘಟನೆಯ ಮರುವರ್ಷವೇ ಶಾಮೊನಿ ಎಂಬ ಆ ಊರಿನ ಮಾರ್ಗದರ್ಶಿಗಳು ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಹಣ ಕೊಟ್ಟವನು ಹಟಹಿಡಿದರೆ ಅದರ ಬೆಲೆಯನ್ನು ತೆರುವವರು ಬೇರೆಯವರಾಗಬಹುದೆಂಬುದು ಇಲ್ಲಿಯ ಪಾಠ.

ಮಾರ್ಗದರ್ಶಿಗಳೆಲ್ಲರೂ ನಂಬಿಗಸ್ತರೇ ಎಂದೂ ಹೇಳುವಂತಿಲ್ಲ. ಚೀನಾ ಒಳನಾಡು ಮಿಷನ್ನಿನ ಸೇವಕಿಯಾಗಿದ್ದ ಆನಿ ಟೇಲರ್ ಎಂಬಾಕೆ ೧೮೯೨ರಲ್ಲಿ ಟಿಬೆಟ್ಟಿನ ಲ್ಹಾಸಾ ನಗರಕ್ಕೆಂದು ಹೊರಟಾಗ, ದಾರಿ ತೋರಿಸಲು ಒಪ್ಪಿಕೊಂಡಿದ್ದ ನೋಗಾ ಎಂಬವನೇ ಆಕೆಯನ್ನು ವಂಚಿಸಿ ಪ್ರಾಣಕ್ಕೆ ಸಂಚಕಾರ ತಂದನು. ಪೊಂಟ್ಸೊ ಎಂಬ ಟಿಬೆಟ್ಟಿನ ತರುಣನು ಕಡೆಯವರೆಗೂ ಕೈಬಿಡದೆ ನಡೆದನು. ಲ್ಹಾಸಾ ಇನ್ನು ಕೆಲವೇ ದಿನಗಳ ಹಾದಿಯಿದ್ದಾಗ ಆಕೆಯನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಆದಕಾರಣ ಮಾರ್ಗದರ್ಶಿ ಇದ್ದಾನೆಯೇ ಎಂದಷ್ಟೇ ಕೇಳಿದರೆ ಸಾಲದು. ಯಾರು, ಎಂಥವನು ಎಂದೂ ಕೇಳಬೇಕು.

ಅದೇ ಟಿಬೆಟ್ಟಿನಲ್ಲಿರುವ ಕೈಲಾಸ ಮಾನಸಸರೋವರಗಳಿಗೆ ಕನ್ನಡಿಗರೂ ಹೋಗಿಬರುತ್ತಿರುವುದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ ಉದಾಹರಣೆ. ಅದು ತೀರ್ಥಯಾತ್ರೆಯೂ ಹೌದು, ಪಾಸ್‌ಪೋರ್ಟು ಹಿಡಿದು ಗಡಿ ದಾಟುವ ಪರದೇಶಯಾತ್ರೆಯೂ ಹೌದು, ಸಾಹಸವೂ ಹೌದು. ಭಾರತ ಸರ್ಕಾರದ ವಿದೇಶಾಂಗ ಇಲಾಖೆಯು ೧೯೮೧ರಿಂದ ಈ ಯಾತ್ರೆಯನ್ನು ತಂಡತಂಡವಾಗಿ ನಡೆಸಿಕೊಂಡು ಬಂದಿತು. ೨೦೨೦ರಿಂದ ನಿಂತಿದ್ದ ಯಾತ್ರೆಯು ೨೦೨೫ರಲ್ಲಿ ಮರಳಿ ಆರಂಭವಾಯಿತು. ಪ್ರತಿ ತಂಡವನ್ನೂ ನಡೆಸುವುದು ಸರ್ಕಾರಿ ಅಧಿಕಾರಿಗಳೇ. ಲಿಪುಲೇಖದ ದಾರಿಯಲ್ಲಿ ೫,೦೦೦ ಮೀಟರಿಗೂ ಮಿಗಿಲಾದ ಕಣಿವೆದಾರಿಯನ್ನು, ಹೊತ್ತೇರಿದ ಮೇಲೆ ಬೀಸುವ ಗಾಳಿಗೆ ಮುಂಚಿತವಾಗಿ ದಾಟಬೇಕೆಂದು ಕತ್ತಲಲ್ಲಿಯೇ ಹೊರಡುತ್ತಾರೆ. ಕೈಲಾಸದ ಪ್ರದಕ್ಷಿಣೆಯು ಸುಮಾರು ೫೨ ಕಿಲೋಮೀಟರು. ಅದರಲ್ಲಿ ಏರಬೇಕಾದ ಡೋಲ್ಮಾ ಕಣಿವೆದಾರಿಯ ಎತ್ತರವು ೫,೬೦೦ ಮೀಟರಿಗೆ ಕಡಮೆಯಿಲ್ಲ.

ಈ ಯಾತ್ರೆಯಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಗುಂಜಿ ಎಂಬ ಊರಿನ ಪರೀಕ್ಷೆ. ಯಾತ್ರಿಕರ ದೇಹಸ್ಥಿತಿಯನ್ನು ಮೊದಲು ದೆಹಲಿಯಲ್ಲಿ ಪರೀಕ್ಷಿಸುತ್ತಾರೆ. ಎತ್ತರಕ್ಕೇರಿದ ಮೇಲೆ ಗುಂಜಿಯಲ್ಲಿ ಗಡಿಪೊಲೀಸಿನ ವೈದ್ಯರು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಅಲ್ಲಿ ಅಯೋಗ್ಯರೆಂದು ಕಂಡುಬಂದವರು ಹಿಂದಿರುಗಲೇಬೇಕು. ವರ್ಷಗಟ್ಟಲೆ ಹಣ ಕೂಡಿಟ್ಟು, ಬಂಧುಗಳಿಂದ ಬೀಳ್ಕೊಂಡು, ಗಡಿಯ ಸಮೀಪಕ್ಕೆ ಬಂದವರಿಗೆ ಅದೆಷ್ಟು ದುಃಖವೆಂಬುದನ್ನು ಊಹಿಸಬಹುದು. ಆದರೂ ಆ ಯಾತ್ರೆಯ ಏರ್ಪಾಡುಗಳಲ್ಲೆಲ್ಲ ಅತ್ಯಂತ ಕರುಣೆಯುಳ್ಳ ಏರ್ಪಾಡು ಅದೇ ಎಂದು ನಾವು ತಿಳಿಯುತ್ತೇವೆ.

ಏಕೆಂದರೆ, ಎತ್ತರದ ಪ್ರದೇಶದಲ್ಲಿ ದೇಹವು ಊರಿನ ಲೆಕ್ಕಕ್ಕೆ ನಡೆಯುವುದಿಲ್ಲ. ಶೃಂಗೇರಿಯು ಸಮುದ್ರಮಟ್ಟದಿಂದ ಸುಮಾರು ೬೭೦ ಮೀಟರು ಎತ್ತರದಲ್ಲಿದೆ. ಕುದುರೆಮುಖವು ೧,೮೯೪ ಮೀಟರು. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯೂ ೨,೦೦೦ ಮೀಟರನ್ನು ಮುಟ್ಟುವುದಿಲ್ಲ. ಎತ್ತರದ ಕಾಯಿಲೆಯು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ೨,೫೦೦ ಮೀಟರಿಗೆ ಮೇಲೆ. ಆದ್ದರಿಂದ ನಮ್ಮ ಗುಡ್ಡಗಳನ್ನು ಉಸಿರುಗಟ್ಟದೆ ಏರುವವರೂ ಅಲ್ಲಿ ಹೇಗಿರುವರೆಂಬುದನ್ನು ಮುಂದಾಗಿ ಹೇಳಲಾಗದು. ಸುಮಾರು ೫,೫೦೦ ಮೀಟರಿನಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಅರ್ಧಕ್ಕೆ ಇಳಿಯುತ್ತದೆ; ಒಂದೊಂದು ಉಸಿರಿನಲ್ಲಿ ದೊರೆಯುವ ಪ್ರಾಣವಾಯುವೂ ಅಷ್ಟೇ ಕಡಮೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ನಡೆಯುವಾಗ ಓಲಾಡುವುದು, ಮಾತು ತಡವರಿಸುವುದು, ಕುಳಿತಲ್ಲಿಯೇ ಏದುಸಿರು ಬರುವುದು ಪ್ರಾಣಾಪಾಯದ ಲಕ್ಷಣಗಳು. ಆಗ ತಡಮಾಡದೆ ಕೆಳಕ್ಕಿಳಿಸುವುದೇ ಮುಖ್ಯವಾದ ಚಿಕಿತ್ಸೆ. ೩,೦೦೦ ಮೀಟರಿನ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸದೆ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕೆಂದು ವೈದ್ಯರು ವಿಧಿಸುತ್ತಾರೆ. ಹಿಂದೆ ದಿನಗಟ್ಟಲೆ ನಡೆದು ಏರುತ್ತಿದ್ದ ಸ್ಥಳಗಳಿಗೆ ಈಗ ಮೋಟಾರು ರಸ್ತೆಗಳಾಗಿವೆ. ರಸ್ತೆ ಬಂದಿತೆಂದು ದೇಹವು ಬೇಗ ಹೊಂದಿಕೊಳ್ಳುವುದಿಲ್ಲ.

ಎಲ್ಲ ಎಚ್ಚರಿಕೆಗೂ ಮೀರಿದ್ದು ಒಂದುಂಟು. ೧೯೯೮ರ ಆಗಸ್ಟ್ ೧೮ರ ನಸುಕಿಗೆ, ಕೈಲಾಸದ ದಾರಿಯಲ್ಲಿರುವ ಮಾಲ್ಪಾ ಎಂಬಲ್ಲಿ ಗುಡ್ಡವು ಕುಸಿದು, ತಂಗಿದ್ದ ಯಾತ್ರಿಕರ ತಂಡವೂ ಸೇರಿ ೨೦೦ಕ್ಕೂ ಮಿಕ್ಕಿ ಜನರು ಮಡಿದರು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿಯವರೂ ಅವರಲ್ಲೊಬ್ಬರು. ಮಳೆಗಾಲದಲ್ಲಿ ಧರೆ ಕುಸಿಯುವುದನ್ನು ಕಂಡಿರುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ದುಃಖವು ತೀರ ಈಚಿನದು. ಅದು ಪರದೇಶದಲ್ಲಿ ನಡೆದುದಲ್ಲವಾದರೂ ಯಾತ್ರೆಯ ರೀತಿ ಒಂದೇ ಆದುದರಿಂದ ಇಲ್ಲಿ ಹೇಳಬೇಕಾಗಿದೆ. ೨೦೨೪ರ ಮೇ ತಿಂಗಳ ಕೊನೆಯಲ್ಲಿ ೨೨ ಮಂದಿಯ ತಂಡವೊಂದು ಉತ್ತರಾಖಂಡದ ಸಹಸ್ರತಾಲ ಸರೋವರಕ್ಕೆ ಹೊರಟಿತು. ಅವರಲ್ಲಿ ಬಹುಮಂದಿ ಕರ್ನಾಟಕದವರು. ಮೂವರು ಆ ಕಡೆಯ ಮಾರ್ಗದರ್ಶಿಗಳು. ಜೂನ್ ತಿಂಗಳ ಮೊದಲ ವಾರದಲ್ಲಿ ಹಿಂದಿರುಗುತ್ತಿದ್ದಾಗ ಹಿಮದ ಬಿರುಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು, ಹದಿಮೂವರನ್ನು ರಕ್ಷಿಸಲಾಯಿತು. ಹೋದವರಲ್ಲಿ ಹೆಂಗಸರೂ ಇದ್ದರು. ಅವರ ಮನೆಗಳಲ್ಲಿ ಇನ್ನೂ ಹಸಿಯಾಗಿರುವ ದುಃಖವನ್ನು ಗೌರವಿಸುತ್ತ, ಯಾರ ಮೇಲೆಯೂ ತಪ್ಪು ಹೊರಿಸದೆ, ಒಂದು ಮಾತನ್ನು ಮಾತ್ರ ಹೇಳುತ್ತೇವೆ: ಎತ್ತರದಲ್ಲಿ ಗಾಳಿಯೂ ತೇವವೂ ಕೂಡಿದಾಗ ಮೈಯ ಬಿಸಿಯು ಕೆಲವೇ ತಾಸುಗಳಲ್ಲಿ ಆರಿಹೋಗುತ್ತದೆ. ತೊಪ್ಪೆಯಾಗಿ ನೆನೆದು ಮನೆಗೆ ಬಂದು ಬೆಂಕಿ ಕಾಸಿಕೊಳ್ಳುವ ಮಲೆನಾಡಿನ ಅಭ್ಯಾಸವು ಒಲೆಯೇ ಇಲ್ಲದ ಕಡೆ ನಮ್ಮನ್ನು ಮೋಸಗೊಳಿಸಬಾರದು.

ಈಗ ನಮ್ಮ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಮುಖ್ಯ ವಿಚಾರಕ್ಕೆ ಬರೋಣ. ತಾಳ್ಮೆಯನ್ನು ನಾವು ಬಾಲ್ಯದಿಂದಲೂ ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ತಲೆನೋವಿದ್ದರೂ ಏನೂ ಇಲ್ಲವೆನ್ನುವುದು, ತನ್ನಿಂದ ಇತರರಿಗೆ ತೊಂದರೆಯಾಗದಂತೆ ನೋವನ್ನು ನುಂಗುವುದು, ಮನೆಯಲ್ಲಿ ಸದ್ಗುಣವೆನಿಸಿಕೊಂಡಿದೆ. ಪರ್ವತದ ಮೇಲೆ ಅದೇ ಗುಣವು ಪ್ರಾಣಕ್ಕೆ ಎರವಾಗುತ್ತದೆ. ತಾನು ನಿಂತರೆ ಹತ್ತು ಮಂದಿಯೂ ನಿಲ್ಲಬೇಕಾದೀತೆಂಬ ಸಂಕೋಚದಿಂದ ಅಸ್ವಸ್ಥಳಾದವಳು ಸುಮ್ಮನೆ ನಡೆದರೆ, ಮಾರ್ಗದರ್ಶಿ ಎಷ್ಟು ನಿಪುಣನಾದರೂ ಏನು ಮಾಡಬಲ್ಲನು? ದಾರಿಯನ್ನು ಅವನು ಬಲ್ಲನು. ಅವಳ ದೇಹವನ್ನು ಅವಳೇ ಬಲ್ಲಳು. ನನ್ನಿಂದ ಆಗದು ಎಂದು ಹೊತ್ತಿಗೆ ಸರಿಯಾಗಿ ಹೇಳುವುದು ಹೇಡಿತನವಲ್ಲ, ಅದು ಸತ್ಯವಚನ. ಸತ್ಯವನ್ನು ಹೇಳಿರೆಂದು ಕಲಿಸುವ ಪಾಠಶಾಲೆಯು ಈ ಸತ್ಯವನ್ನೂ ಕಲಿಸಬೇಕು. ಅಂತೆಯೇ ಸಂಗಡಿಗಳು ಹಾಗೆ ಹೇಳಿದಾಗ ಮುಖ ಸಿಂಡರಿಸದೆ ಅವಳೊಡನೆ ನಿಲ್ಲುವುದನ್ನೂ ಕಲಿಸಬೇಕು.

ತಾಯ್ತಂದೆಗಳು ಅನುಮತಿ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಉಚಿತ. ಮಾರ್ಗದರ್ಶಿಯು ಆ ದಾರಿಯನ್ನೇ ನಡೆದು ಬಲ್ಲವನೋ? ಎಷ್ಟು ಮಂದಿಗೆ ಒಬ್ಬನಂತೆ ಇರುವನು? ಎತ್ತರಕ್ಕೇರುವ ದಿನಗಳ ಪಟ್ಟಿಯಲ್ಲಿ ವಿಶ್ರಾಂತಿಯ ದಿನವಿದೆಯೋ? ಒಬ್ಬಳು ಅಸ್ವಸ್ಥಳಾದರೆ ಅವಳೊಡನೆ ಕೆಳಕ್ಕಿಳಿಯುವವರು ಯಾರು, ಉಳಿದವರನ್ನು ನಡೆಸುವವರು ಯಾರು? ಹವೆ ಕೆಟ್ಟರೆ ಹಿಂದಿರುಗುವ ನಿರ್ಣಯ ಯಾರದು, ಆಗ ಹಣದ ಮಾತು ಅಡ್ಡಬರುವುದೋ? ದೂರವಾಣಿಯಿಲ್ಲದ ಕಡೆಯಿಂದ ಸುದ್ದಿ ಮುಟ್ಟಿಸುವ ಬಗೆ ಏನು? ವಿಮೆಯು ಆ ಎತ್ತರಕ್ಕೂ, ಅಲ್ಲಿಂದ ಹೊತ್ತುತರುವ ವೆಚ್ಚಕ್ಕೂ ಅನ್ವಯಿಸುವುದೋ? ಹೊರೆ ಹೊರುವವರಿಗೂ ಬೆಚ್ಚನೆಯ ಬಟ್ಟೆಯನ್ನೂ ಡೇರೆಯನ್ನೂ ಕೊಟ್ಟಿದ್ದಾರೆಯೇ? ಈ ಕಡೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಹೊರೆಯವನನ್ನು ಚಳಿಯಲ್ಲಿ ಬಿಡುವವರು ಯಾತ್ರಿಕರನ್ನು ಹೇಗೆ ನೋಡಿಕೊಂಡಾರೆಂಬುದಕ್ಕೆ ಅದೇ ಉತ್ತರ ಹೇಳುತ್ತದೆ.

ಈ ಪ್ರಶ್ನೆಗಳಿಗೆ ನೇರವಾದ ಉತ್ತರ ದೊರೆತರೆ ಮಕ್ಕಳನ್ನು ತಡೆಯಬೇಡಿರೆಂದೇ ನಮ್ಮ ವಿಜ್ಞಾಪನೆ. ಅಪರಿಚಿತರೊಡನೆ ಒಂದೇ ಡೇರೆಯಲ್ಲಿ ಮಲಗುವುದು, ಹಿಂದುಳಿದವರಿಗಾಗಿ ಕಾಯುವುದು, ಬೇರೆ ನುಡಿಯ ಬೇರೆ ಮತದ ಜನರ ಮನೆಯಲ್ಲಿ ಉಣ್ಣುವುದು—ಇವುಗಳನ್ನು ಯಾವ ಕೊಠಡಿಯಲ್ಲಿಯೂ ಕಲಿಸಲಾಗದು. ಶಿಖರವನ್ನು ಕಂಡು ಬಂದವಳನ್ನು ಎಲ್ಲರೂ ಹೊಗಳುತ್ತಾರೆ. ಶಿಖರವು ಕಣ್ಣೆದುರಿಗಿದ್ದಾಗ, ಜೊತೆಯವಳೊಬ್ಬಳು ಬಳಲಿದಳೆಂದು ಅವಳ ಕೈಹಿಡಿದು ಇಳಿದು ಬಂದವಳು ನಿಮ್ಮ ಮನೆಯಲ್ಲಿದ್ದರೆ, ತಾಯ್ತಂದೆಗಳೇ, ಆಕೆಗೆ ಇನ್ನೂ ಹೆಚ್ಚಿನ ಆದರದಿಂದ ಬಾಗಿಲು ತೆರೆಯಿರಿ.