ಹೆಸರೂ ಅದರ ವಿಳಾಸವೂ: ಸಿ ಭಾಷೆಯ ಒಂದು ಪಾಠ

ಈ ಪಾಠಶಾಲೆಯಲ್ಲಿ ಅಕ್ಷರ ಕಲಿತು ಹೋದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಕಾಲೇಜುಗಳಲ್ಲಿ ಗಣಕಶಾಸ್ತ್ರವನ್ನು ಅಭ್ಯಸಿಸುತ್ತಿರುವರು. ಅಲ್ಲಿ ಅವರಿಗೆ ಮೊದಲು ಎದುರಾಗುವ ಭಾಷೆಗಳಲ್ಲಿ ಸಿ ಎಂಬುದು ಒಂದು. ೧೯೭೨ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬವರು ಇದನ್ನು ರಚಿಸಿದರು. ಇದರಲ್ಲಿ ಪಾಯಿಂಟರ್ ಎಂಬ ಅಧ್ಯಾಯ ಬಂದೊಡನೆ ಅನೇಕರು ಧೈರ್ಯಗೆಡುವುದುಂಟು. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಮೂಲದ ಎರಡು ಮೂರು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿಯದೆ ಮುಂದೆ ಹೋದದ್ದೇ ಕಾರಣ. ಅವನ್ನು ನಮ್ಮ ಊರಿನ ಹೆಸರನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುವೆವು. ತಾಯಿತಂದೆಗಳೂ ಓದಿದರೆ, ಮಗಳು ರಾತ್ರಿಯೆಲ್ಲ ಏತಕ್ಕಾಗಿ ಬಳಲುತ್ತಿರುವಳೆಂಬುದನ್ನು ಅರಿಯುವರು.

ಗಣಕದ ಸ್ಮೃತಿಯು ಸಾಲಾಗಿ ಜೋಡಿಸಿದ ಸಣ್ಣ ಗೂಡುಗಳಂತಿರುವುದು. ಒಂದೊಂದು ಗೂಡಿಗೆ ಬೈಟ್ ಎಂದು ಹೆಸರು. ಒಂದೊಂದಕ್ಕೂ ಅಂಕೆಯ ವಿಳಾಸವುಂಟು. ಪಾಯಿಂಟರ್ ಎಂಬುದು ಆ ವಿಳಾಸವನ್ನು ಬರೆದಿಟ್ಟ ಚೀಟಿ. ಲಕೋಟೆಯ ಮೇಲಿನ ವಿಳಾಸವು ಹೇಗೆ ಮನೆಯಲ್ಲವೋ ಹಾಗೆಯೇ ಪಾಯಿಂಟರ್ ಎಂಬುದು ಹೆಸರಲ್ಲ. ಹೆಸರಿನ ಅಕ್ಷರಗಳು ಗೂಡುಗಳಲ್ಲಿರುವುವು. ಚೀಟಿಯಲ್ಲಿ ಮೊದಲನೆಯ ಗೂಡಿನ ವಿಳಾಸ ಮಾತ್ರವಿರುವುದು. ಹೆಸರಿನ ಉದ್ದವನ್ನು ಸಿ ಭಾಷೆಯು ಬೇರೆಲ್ಲಿಯೂ ಬರೆದಿಡುವುದಿಲ್ಲ. ಕಡೆಯಲ್ಲಿ ಸೊನ್ನೆಯ ಬೈಟೊಂದನ್ನಿಟ್ಟು ಅದನ್ನೇ ಗಡಿಕಲ್ಲೆಂದು ಎಣಿಸುವುದು.

ಈಗ ಲೆಕ್ಕ ಮಾಡಿ ನೋಡೋಣ. ಕಣ್ಣಿಗೆ ‘ದೇವಾಪುರ’ ಎಂಬುದು ೪ ಅಕ್ಷರ. ಯೂನಿಕೋಡ್ ಕ್ರಮದಲ್ಲಾದರೋ ದ, ಏಕಾರದ ಗುರುತು, ವ, ಆಕಾರದ ಗುರುತು, ಪ, ಉಕಾರದ ಗುರುತು, ರ ಎಂದು ೭ ಚಿಹ್ನೆಗಳು. ಯುಟಿಎಫ್-೮ ಎಂಬ ಪದ್ಧತಿಯಲ್ಲಿ ಪ್ರತಿ ಕನ್ನಡ ಚಿಹ್ನೆಗೂ ೩ ಬೈಟ್ ಬೇಕಾಗುವುದರಿಂದ ಒಟ್ಟು ೨೧. ಗಡಿಕಲ್ಲು ಸೇರಿ ೨೨. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ೯ ಬೈಟ್ ಸಾಕು. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟವನು ಊರಿನ ಹೆಸರಿಗೆ ೨೦ ಬೈಟ್ ಧಾರಾಳವೆಂದು ಭಾವಿಸುವನು. ಆಗ ಸ್ಟ್ರ್‌ಕಾಪಿ ಎಂಬ ಆಜ್ಞೆಯಿಂದ ನಮ್ಮ ಊರಿನ ಹೆಸರನ್ನು ನಕಲು ಮಾಡಿದರೆ ಕಡೆಯ ಬೈಟೂ ಗಡಿಕಲ್ಲೂ ಎಲ್ಲೆಯಾಚೆ ಬಿದ್ದು, ಅಲ್ಲಿದ್ದ ಬೇರೊಂದು ಮಾಹಿತಿಯನ್ನು ಕೆಡಿಸಬಹುದು. ೧೯ ಬೈಟಿಗೆ ಕತ್ತರಿಸಿ ಸೊನ್ನೆಯನ್ನಿಟ್ಟರೆ ಎಲ್ಲೆ ಮೀರದು. ಆದರೆ ರಕಾರವು ಒಡೆದು, ‘ದೇವಾಪು’ ಎಂಬುದರ ಮುಂದೆ ಅರ್ಥವಿಲ್ಲದ ಗುರುತೊಂದು ಉಳಿಯುವುದು. ದಾಖಲೆಯಲ್ಲಿ ಒಬ್ಬ ಹುಡುಗಿಯ ಹೆಸರೇ ಹೀಗೆ ತುಂಡಾದರೆ ಆಗುವ ತೊಂದರೆಯನ್ನು ನಾವು ಹೇಳಬೇಕಾದುದಿಲ್ಲ.

ಎಲ್ಲೆ ಮೀರುವ ಈ ತಪ್ಪು ಅಲ್ಪವಾದುದಲ್ಲ. ೧೯೮೮ನೆಯ ನವೆಂಬರ್ ೨ರಂದು ಅಮೆರಿಕದಲ್ಲಿ ಹಬ್ಬಿದ ಮಾರಿಸ್ ವರ್ಮ್ ಎಂಬ ಕ್ರಮವಿಧಿಯು ಇತರರ ಗಣಕಗಳೊಳಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. ಅಲ್ಲಿ ಗೆಟ್ಸ್ ಎಂಬ ಆಜ್ಞೆಯು ಪಾತ್ರೆಯ ಅಳತೆಯನ್ನು ನೋಡದೆ ಅಕ್ಷರಗಳನ್ನು ಸುರಿಯುತ್ತಿತ್ತು. ೨೦೧೧ರ ಸಿ ಭಾಷೆಯ ನಿಬಂಧನೆಯಲ್ಲಿ ಆ ಆಜ್ಞೆಯನ್ನೇ ತೆಗೆದುಹಾಕಲಾಯಿತು.

ಇನ್ನು ಚೀಟಿಯ ವಿಷಯದ ತಪ್ಪುಗಳು. ಒಂದು ಪಾಯಿಂಟರನ್ನು ಇನ್ನೊಂದಕ್ಕೆ ಸಮವೆಂದು ಬರೆದರೆ ಹೆಸರಿನ ನಕಲಾಗುವುದಿಲ್ಲ. ಒಂದೇ ಮನೆಗೆ ಎರಡು ಚೀಟಿಗಳಾಗುವುವು. ಒಂದರ ಮೂಲಕ ತಿದ್ದಿದುದು ಇನ್ನೊಂದರಲ್ಲಿಯೂ ಕಾಣುವುದು. ಎರಡು ಹೆಸರುಗಳು ಒಂದೆಯೋ ಎಂದು ಪಾಯಿಂಟರುಗಳನ್ನು ಹೋಲಿಸಿದರೆ ವಿಳಾಸಗಳ ಹೋಲಿಕೆಯಾಗುವುದೇ ಹೊರತು ಅಕ್ಷರಗಳದ್ದಲ್ಲ. ಅದಕ್ಕೆ ಸ್ಟ್ರ್‌ಕಂಪ್ ಎಂಬುದನ್ನು ಬಳಸತಕ್ಕದ್ದು. ಒಂದು ಫಂಕ್ಷನ್ ತನ್ನೊಳಗಿನ ತಾತ್ಕಾಲಿಕ ಸ್ಥಳದ ವಿಳಾಸವನ್ನು ಹೊರಗೆ ಕಳುಹಿಸಕೂಡದು. ಅದರ ಕೆಲಸ ಮುಗಿದೊಡನೆ ಆ ಸ್ಥಳವು ಬೇರೆಯವರ ಪಾಲಾಗುವುದು.

ಮ್ಯಾಲಕ್ ಎಂಬ ಆಜ್ಞೆಯಿಂದ ಪಡೆದ ಸ್ಥಳವು ನೆರೆಮನೆಯಿಂದ ಕಡ ತಂದ ಪಾತ್ರೆಯಂತೆ. ಪಾತ್ರೆ ದೊರೆಯಿತೋ ಇಲ್ಲವೋ ಎಂದು ಮೊದಲು ನೋಡಬೇಕು. ಕೆಲಸ ತೀರಿದ ಮೇಲೆ ಫ್ರೀ ಎಂಬ ಆಜ್ಞೆಯಿಂದ ಹಿಂದಿರುಗಿಸಬೇಕು. ಹಿಂದಿರುಗಿಸದಿದ್ದರೆ ಬಹುಕಾಲ ನಡೆಯುವ ಕ್ರಮವಿಧಿಯಲ್ಲಿ ಸ್ಮೃತಿಯು ಕ್ರಮೇಣ ಬರಿದಾಗುವುದು. ಹಿಂದಿರುಗಿಸಿದ ಮೇಲೆ ಅದರಲ್ಲಿ ಕೈಯಿಡುವುದು, ಒಂದನ್ನೇ ಎರಡು ಸಲ ಹಿಂದಿರುಗಿಸುವುದು, ಇವು ಇನ್ನೂ ಅಪಾಯಕರ. ಇಂಥ ತಪ್ಪುಳ್ಳ ಕ್ರಮವಿಧಿಯು ಇಂದು ಸರಿಯಾಗಿ ನಡೆದಂತೆ ತೋರಿ ನಾಳೆ ಕೆಡಬಹುದು. ಆದುದರಿಂದ ಒಮ್ಮೆ ನಡೆಯಿತೆಂದು ನೆಚ್ಚಕೂಡದು. ವ್ಯಾಲ್‌ಗ್ರಿಂಡ್, ಅಡ್ರೆಸ್ ಸ್ಯಾನಿಟೈಸರ್ ಎಂಬ ಉಪಕರಣಗಳು ಇಂಥ ಅನೇಕ ತಪ್ಪುಗಳನ್ನು ಎತ್ತಿ ತೋರಿಸುವುವು.

ಆದುದರಿಂದ ವಿದ್ಯಾರ್ಥಿನಿಯು ಪ್ರತಿಯೊಂದು ಪಾಯಿಂಟರನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಇದು ತೋರಿಸುವ ಸ್ಥಳ ಯಾರದು? ಅದರ ಅಳತೆ ಎಷ್ಟು? ಅದನ್ನು ಯಾವಾಗ, ಯಾರು ಹಿಂದಿರುಗಿಸುವರು? ಈ ಮೂರಕ್ಕೂ ಉತ್ತರವಿಲ್ಲದೆ ಮುಂದಿನ ಸಾಲನ್ನು ಬರೆಯಬಾರದು.

ಅಭ್ಯಾಸಕ್ಕಾಗಿ ‘ಕೃಷ್ಣಾ’ ಎಂಬ ಹೆಸರನ್ನು ಎಣಿಸಿರಿ. ಒತ್ತಕ್ಷರದೊಳಗೆ ಅಡಗಿರುವ ಹಲಂತವೂ ಒಂದು ಚಿಹ್ನೆಯೆಂಬುದನ್ನು ಮರೆಯದಿದ್ದರೆ ಗಡಿಕಲ್ಲು ಸೇರಿ ೧೯ ಬೈಟ್ ಬರುವುದು. ಅನಂತರ ನಿಮ್ಮ ನಿಮ್ಮ ಹೆಸರುಗಳನ್ನು ಎಣಿಸಿ ನೋಡಿರಿ.